ಎಚ್‌ಐವಿ ಸಂಶೋಧನೆಯನ್ನೇ ವೃತ್ತಿ ಮಾಡಿಕೊಳ್ಳೋಕೆ ಆಗುತ್ತಾ? ಮೈಸೂರು-ಮಂಡ್ಯ ಕಡೆ ಗೊತ್ತಿರೋರು ಹೇಳಿ

ಮದ್ದೂರು ಇಂಟರ್ನ್:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಊರು ಮದ್ದೂರು ಹತ್ತಿರ. ನಮ್ಮ ಮನೆಗೆ ನಾನೇ ಮೊದಲ ಡಾಕ್ಟರ್, ಹಾಗಾಗಿ ನನ್ನ ಮುಂದಿನ ಬದುಕಿನ ಬಗ್ಗೆ ನನ್ನನ್ನು ಬಿಟ್ಟು ಎಲ್ಲರ ಹತ್ತಿರವೂ ಒಂದೊಂದು ಪ್ಲಾನ್ ಇದೆ. ಅಪ್ಪನಿಗೆ ನಾನು ಊರಲ್ಲೇ ಒಂದು ಕ್ಲಿನಿಕ್ ಹಾಕಬೇಕು. ಚಿಕ್ಕಪ್ಪನಿಗೆ ರೇಡಿಯಾಲಜಿ, ಯಾಕೆ ಅಂದ್ರೆ ಅವರ ಸ್ನೇಹಿತರ ಮಗ ಅದೇ ಮಾಡಿ ಬೆಂಗಳೂರಲ್ಲಿ ಮನೆ ಕಟ್ಟಿಸಿದ್ದಾನಂತೆ.

ನನಗೆ ಸೋಂಕು ರೋಗಗಳ ಕಡೆ ಹೋಗಬೇಕು ಅಂತ ಆಸೆ, ಅದರಲ್ಲೂ ಎಚ್‌ಐವಿ. ಮೆಡಿಸಿನ್ ಪೋಸ್ಟಿಂಗ್‌ನಲ್ಲಿ ಇದ್ದಾಗ ಒಬ್ಬ ರೋಗಿ ಬಂದಿದ್ದರು. ವಿಪರೀತ ತಲೆನೋವು, ವಾಂತಿ. ಬೆನ್ನಿನಿಂದ ನೀರು ತೆಗೆದು ನೋಡಿದರೆ ಕ್ರಿಪ್ಟೋಕಾಕಸ್ ಮೆನಿಂಜೈಟಿಸ್, ಶಿಲೀಂಧ್ರದಿಂದ ಮೆದುಳಿನ ಪೊರೆಗೆ ಬರೋ ಸೋಂಕು. ಅಂದರೆ ಎಚ್‌ಐವಿ ಬಂದು ಎಷ್ಟೋ ವರ್ಷ ಆಗಿರಬೇಕು, ದೇಹದ ರಕ್ಷಣೆಯೆಲ್ಲಾ ಕುಸಿದು ಹೋದಮೇಲೆ ಬರೋ ಕಾಯಿಲೆ ಅದು. ಅವರಿಗೆ ತಮಗೆ ಎಚ್‌ಐವಿ ಇದೆ ಅನ್ನೋದು ಮೊದಲೇ ಗೊತ್ತಿತ್ತು! ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತೆ ಅನ್ನೋದೂ ಗೊತ್ತಿತ್ತು. ನಮ್ಮ ದೇಶದಲ್ಲಿ ಪುಕ್ಕಟೆ ಚಿಕಿತ್ಸೆ ಶುರುವಾಗಿದ್ದು 2004ರ ಏಪ್ರಿಲ್‌ನಲ್ಲಿ. ಇಷ್ಟು ವರ್ಷ ಆದಮೇಲೂ ಗೊತ್ತಿದ್ದವರು ಯಾಕೆ ಇಷ್ಟು ತಡವಾಗಿ ಬರುತ್ತಾರೆ? ಇದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಇದನ್ನೇ ಮುಂದೆ ಓದಬೇಕು, ಸಂಶೋಧನೆ ಮಾಡಬೇಕು ಅಂದರೆ ದಾರಿ ಯಾವುದು? ಎಂಡಿ ಮೈಕ್ರೋಬಯಾಲಜಿನಾ, ಪಿಎಚ್‌ಡಿನಾ? ಹೊರದೇಶಕ್ಕೆ ಹೋಗಲೇಬೇಕಾ? ಅಮ್ಮನಂತೂ "ಅಷ್ಟು ಓದಿ ಆ ಕಾಯಿಲೆಯೋರ ಹತ್ರನೇ ಕೂರ್ಬೇಕಾ ನೀನು, ನಾಳೆ ನಿನ್ನ ಯಾರ್ ಕೇಳ್ಕಂಡ್ ಬತ್ತರೆ ಕನವ್ವ" ಅಂತ ದಿನಾ ಫೋನಲ್ಲಿ ಶುರು ಮಾಡುತ್ತಾರೆ. ಅದಕ್ಕೂ ಏನಾದರೂ ಉತ್ತರ ಇದ್ದರೆ ಕೊಡಿ.

ಹಳೇ ಹುಲಿ:

ತಂಗಿ, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಚ್‌ಐವಿ ಮುಗಿದ ಕಥೆ. 90ರ ದಶಕದಲ್ಲಾಗಿದ್ದರೆ ಸರಿ, ಆಗ ದುಡ್ಡೂ ಇತ್ತು ಹೆಸರೂ ಇತ್ತು. ಈಗ ದಿನಕ್ಕೊಂದು ಮಾತ್ರೆ, ನುಂಗಿದರೆ ಆಯಿತು, ಬಿಪಿ ಶುಗರ್ ಥರ. ಕಂಡುಹಿಡಿಯೋದು ಏನು ಉಳಿದಿದೆ? ಅಮೆರಿಕದವರು 2025ರಲ್ಲಿ ತಮ್ಮ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಬಾಗಿಲೇ ಹಾಕಿಬಿಟ್ಟರು, ಆ ದುಡ್ಡು ನಂಬಿಕೊಂಡಿದ್ದ ಎಷ್ಟೋ ಪ್ರಾಜೆಕ್ಟ್‌ಗಳು ಅರ್ಧಕ್ಕೇ ನಿಂತವು. ಚಿಕ್ಕಪ್ಪ ಹೇಳಿದ ಹಾಗೆ ರೇಡಿಯಾಲಜಿ ಮಾಡಿ. ಸಂಶೋಧನೆ ಹುಚ್ಚು ಜಾಸ್ತಿ ಇದ್ದರೆ ಭಾನುವಾರ ಮಾಡಿ.

ಸರಸ್ವತಿಪುರಂ ಲ್ಯಾಬ್:

ಭಾನುವಾರದ ಸಂಶೋಧನೆಗೆ ನಮ್ಮ ಫ್ರೀಜರ್ ಒಪ್ಪೋದಿಲ್ಲ ಹುಲಿಯವರೇ, ಆದರೆ ದುಡ್ಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮದ್ದೂರಿನವರೇ, ನಾನು ಮೈಸೂರಿನವಳು. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡಿ, ಆಮೇಲೆ ವೈರಾಲಜಿಯಲ್ಲಿ ಪಿಎಚ್‌ಡಿ ಮಾಡಿ, ಈಗ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ, ನೀವು ಗಮನಿಸಿಲ್ಲ ಅಷ್ಟೇ. "ಯಾವ ಕೋರ್ಸ್" ಅಂತ ಕೇಳುವ ಮೊದಲು "ಯಾಕೆ ತಡವಾಗಿ ಬರುತ್ತಾರೆ" ಅಂತ ಕೇಳಿದ್ದೀರಲ್ಲ, ಅದೇ ಒಂದು ಸಂಶೋಧನೆಯ ಪ್ರಶ್ನೆ. ಈ ಪ್ರಶ್ನೆಗೆ ಲ್ಯಾಬಿನಲ್ಲಿ ಉತ್ತರ ಸಿಗೋದಿಲ್ಲ. ಹಾಗಾಗಿ ನನ್ನ ದಾರಿ ನಿಮಗೆ ಬಹುಶಃ ಬೇಡ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಲ್ಯಾಬ್ ಸಂಶೋಧನೆ ಹೇಗಿರುತ್ತೆ ನೋಡಿ. 1983ರ ಜನವರಿಯಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಒಬ್ಬ ರೋಗಿಯ ದುಗ್ಧಗ್ರಂಥಿಯ ಒಂದು ತುಣುಕು ಬಂತು. ಫ್ರಾನ್ಸ್ವಾಸ್ ಬಾರೆ-ಸಿನೂಸಿ ಅದರ ಕೋಶಗಳನ್ನು ಬೆಳೆಸಿ, ಕೆಲವು ದಿನಕ್ಕೊಮ್ಮೆ, ಈ ಜಾತಿಯ ವೈರಸ್ ಇದ್ದರೆ ಕಾಣಿಸೋ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅನ್ನೋ ಕಿಣ್ವ ಇದೆಯಾ ಅಂತ ಅಳೆಯುತ್ತಾ ಕೂತರು. ಕಿಣ್ವದ ಚಟುವಟಿಕೆ ಕಾಣಿಸಿತು, ಅಷ್ಟರಲ್ಲಿ ಕೋಶಗಳು ಸಾಯತೊಡಗಿದವು. ಬೇರೆಯವರಾಗಿದ್ದರೆ ಕಲ್ಚರ್ ಕೆಟ್ಟಿತು ಅಂತ ಎಸೆದುಬಿಡುತ್ತಿದ್ದರೇನೋ. ಅವರು ರಕ್ತದಾನಿಗಳ ಹೊಸ ಕೋಶ ತಂದು ಸೇರಿಸಿದರು. ಕಿಣ್ವ ಮತ್ತೆ ಏರಿತು, ಆ ಹೊಸ ಕೋಶಗಳೂ ಸತ್ತವು. ಸಾಯಿಸುತ್ತಿರುವುದು ವೈರಸ್ಸೇ ಅನ್ನೋದು ಗೊತ್ತಾಗಿದ್ದು ಹೀಗೆ. ಅದೇ ವರ್ಷ ಮೇ ತಿಂಗಳಲ್ಲಿ ಪ್ರಕಟವಾಯಿತು, ಅವರಿಗೂ ಲುಕ್ ಮೊಂತಾನಿಯೇಗೂ ನೊಬೆಲ್ ಬಂದದ್ದು 2008ರಲ್ಲಿ. ನಡುವೆ 25 ವರ್ಷ. ಇಂಥ ಕೆಲಸ ನಿಮಗೆ ಇಷ್ಟ ಅಂದರೆ ಪಿಎಚ್‌ಡಿ ಸರಿ. ತಿಂಗಳುಗಟ್ಟಲೆ ಒಂದು ಸಂಖ್ಯೆ ಏರುತ್ತಾ ಇಳಿಯುತ್ತಾ ಅಂತ ನೋಡೋದರಲ್ಲಿ ಖುಷಿ ಪಡೋ ಜನ ನಾವು, ನಮ್ಮ ಮನೆಯವರಿಗೆ ಇದು ಇವತ್ತಿಗೂ ಅರ್ಥ ಆಗಿಲ್ಲ.

ಇನ್ನು ನಮ್ಮ ದೇಶದ ಕಥೆ. ಇದನ್ನು ಪ್ರತಿಯೊಬ್ಬ ಮೆಡಿಕಲ್ ವಿದ್ಯಾರ್ಥಿಯೂ ತಿಳಿದಿರಬೇಕು ಅಂತ ನನ್ನ ಆಸೆ. 1985ರ ಕೊನೆ, ಮದ್ರಾಸ್ ಮೆಡಿಕಲ್ ಕಾಲೇಜು. ಪ್ರೊಫೆಸರ್ ಸುನೀತಿ ಸೊಲೊಮನ್ ತಮ್ಮ ವಿದ್ಯಾರ್ಥಿನಿ ನಿರ್ಮಲಾ ಅವರಿಗೆ ಥೀಸಿಸ್‌ಗೆ ಕೊಟ್ಟ ವಿಷಯ: ಇಲ್ಲಿ ಎಚ್‌ಐವಿ ಇದೆಯಾ ನೋಡು. ಆಗ ಎಲ್ಲರೂ "ಇದು ಅಮೆರಿಕದವರ ಕಾಯಿಲೆ, ನಮ್ಮಲ್ಲಿ ಎಲ್ಲಿಂದ" ಅಂತಲೇ ಅನ್ನುತ್ತಿದ್ದದ್ದು. ಪೊಲೀಸರು ಹಿಡಿದು ತಂದು ಸರ್ಕಾರಿ ನಿಲಯದಲ್ಲಿ ಇಟ್ಟಿದ್ದ ಲೈಂಗಿಕ ಕಾರ್ಯಕರ್ತೆಯರ ರಕ್ತವನ್ನು ನಿರ್ಮಲಾ ಸಂಗ್ರಹಿಸಿದರು. ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಿದ್ದದ್ದು ಗಂಡ. ರಕ್ತದಿಂದ ಬೇರ್ಪಡಿಸಿದ ಸೀರಮ್ ಇಟ್ಟದ್ದು ಮನೆಯ ಫ್ರಿಜ್ಜಿನಲ್ಲಿ. ಪರೀಕ್ಷೆಗೆ ಮದ್ರಾಸಿನಲ್ಲಿ ಅನುಕೂಲ ಇರಲಿಲ್ಲ, ಅದಕ್ಕೆ 1986ರ ಫೆಬ್ರವರಿಯಲ್ಲಿ ಗಂಡ ಹೆಂಡತಿ ಇಬ್ಬರೂ ಐಸ್ ಬಾಕ್ಸ್ ಹಿಡಿದುಕೊಂಡು ರಾತ್ರಿ ರೈಲಿನಲ್ಲಿ ಕಾಟ್ಪಾಡಿಗೆ ಹೋಗಿ, ಅಲ್ಲಿಂದ ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಸೇರಿದರು. ಆರು ಮಾದರಿಗಳು ಪಾಸಿಟಿವ್ ಬಂದವು. ನಮ್ಮ ದೇಶದಲ್ಲಿ ಎಚ್‌ಐವಿ ಇದೆ ಅನ್ನೋದು ತಿಳಿದಿದ್ದು ಒಂದು ಪಿಜಿ ಥೀಸಿಸ್‌ನಿಂದ!

ಇಲ್ಲಿ ಒಂದು ವಿಷಯ ಯಾರೂ ಹೇಳೋದಿಲ್ಲ. ನಿರ್ಮಲಾ ಅವರು ಥೀಸಿಸ್ ಕೊಟ್ಟಮೇಲೆ ಚೆನ್ನೈನ ಕಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಲಸಿಕೆ ತಯಾರಿಕೆಯ ಕೆಲಸಕ್ಕೆ ಸೇರಿದರು, ಅಲ್ಲಿಂದಲೇ 2010ರಲ್ಲಿ ನಿವೃತ್ತರಾದರು. ಬಹಳ ಕಾಲ ಅವರ ಹೆಸರು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಸೊಲೊಮನ್ ಅವರು ಅದೇ ಜಾಡು ಹಿಡಿದು 1993ರಲ್ಲಿ ವೈಆರ್‌ಜಿ ಕೇರ್ ಅಂತ ಸಂಸ್ಥೆ ಕಟ್ಟಿದರು, ರೋಗಿಗಳನ್ನು ನೋಡುತ್ತಲೇ ಸಂಶೋಧನೆ ಮಾಡಿದರು, 2015ರಲ್ಲಿ ತೀರಿಕೊಂಡಮೇಲೆ ಪದ್ಮಶ್ರೀ ಬಂತು. ಇಬ್ಬರೂ ಇದ್ದದ್ದು ಒಂದೇ ಪತ್ತೆಯಲ್ಲಿ, ವೃತ್ತಿಜೀವನ ಮಾತ್ರ ಎರಡು ಬಗೆ. ದೊಡ್ಡದೊಂದು ಕಂಡುಹಿಡಿದರೆ ಜೀವನ ದಡ ಸೇರಿತು ಅಂತ ಅಂದುಕೊಳ್ಳಬೇಡಿ. ಆಮೇಲೆ ನೀವು ಯಾವ ಪ್ರಶ್ನೆ ಹಿಡಿದುಕೊಂಡು ಕೂರುತ್ತೀರಿ, ಕೂರೋಕೆ ಜಾಗ ಸಿಗುತ್ತಾ ಅನ್ನೋದರ ಮೇಲೆ ಉಳಿದದ್ದೆಲ್ಲ.

ಈಗ ದಾರಿಗಳು. ರೋಗಿಯ ಪಕ್ಕದಲ್ಲಿ ಇರಬೇಕು ಅಂದರೆ ಜನರಲ್ ಮೆಡಿಸಿನ್ ಎಂಡಿ ಮಾಡಿ, ಆಮೇಲೆ ಸೋಂಕು ರೋಗಗಳಲ್ಲಿ ಡಿಎಂ, ಅಂದರೆ ಎಂಡಿ ಆದಮೇಲಿನ ಸೂಪರ್ ಸ್ಪೆಷಾಲಿಟಿ ಪದವಿ. ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿ ಇಂಥ ಕಡೆ ಇದೆ, ಸೀಟು ಕಡಿಮೆ. ನಿಮ್ಮ "ಯಾಕೆ ತಡ" ಪ್ರಶ್ನೆಗೆ ಹತ್ತಿರದ್ದು ಕಮ್ಯುನಿಟಿ ಮೆಡಿಸಿನ್ (ಒಬ್ಬ ರೋಗಿಯ ಬದಲು ಇಡೀ ಸಮುದಾಯದ ಆರೋಗ್ಯ ನೋಡೋದು), ಅಥವಾ ಎಪಿಡೆಮಿಯಾಲಜಿ (ಕಾಯಿಲೆ ಯಾರಲ್ಲಿ, ಯಾಕೆ, ಹೇಗೆ ಹರಡುತ್ತೆ ಅನ್ನೋ ಲೆಕ್ಕ). ಕಮ್ಯುನಿಟಿ ಮೆಡಿಸಿನ್ ಅಂದ ಕೂಡಲೇ ಹಾಸ್ಟೆಲಿನಲ್ಲಿ ಎಲ್ಲರೂ ಮೂಗು ಮುರಿಯುತ್ತಾರೆ ಅಂತ ಗೊತ್ತು. ಮುರಿಯಲಿ ಬಿಡಿ. ಮೈಕ್ರೋಬಯಾಲಜಿ ಎಂಡಿ ಒಳ್ಳೆಯದೇ, ಆದರೆ ಎಷ್ಟೋ ಕಾಲೇಜುಗಳಲ್ಲಿ ರಿಪೋರ್ಟ್‌ಗೆ ಸಹಿ ಹಾಕೋದರಲ್ಲೇ ದಿನ ಕಳೆದುಹೋಗುತ್ತೆ. ಪಿಎಚ್‌ಡಿ ಅಂದರೆ ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ಅಥವಾ ಸಿಎಸ್‌ಐಆರ್ (ವಿಜ್ಞಾನ ಸಂಶೋಧನಾ ಮಂಡಳಿ) ಕಡೆಯ ಜೆಆರ್‌ಎಫ್, ಅಂದರೆ ಸಂಶೋಧನಾ ಫೆಲೋಶಿಪ್ ಪರೀಕ್ಷೆ ಬರೆಯಬೇಕು. 2023ರಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ನಿಮ್ಮ ಜೊತೆ ಓದಿದವರು ಡ್ಯೂಟಿ ಡಾಕ್ಟರ್ ಆಗಿ ಅದಕ್ಕಿಂತ ಜಾಸ್ತಿ ದುಡಿಯುತ್ತಿರುತ್ತಾರೆ, ಅದು ಮೊದಲೇ ತಿಳಿದಿರಲಿ. ಹೊರದೇಶಕ್ಕೆ ಹೋಗಲೇಬೇಕು ಅಂತೇನೂ ಇಲ್ಲ. ಪುಣೆಯಲ್ಲಿ ಐಸಿಎಂಆರ್‌ನದ್ದೇ ಏಡ್ಸ್ ಸಂಶೋಧನಾ ಸಂಸ್ಥೆ ಇದೆ, ನಾರಿ ಅಂತ ಹಳೇ ಹೆಸರು, 1992ರಿಂದ ಇದೆ. ಬೆಂಗಳೂರಿನ ಜೆಎನ್‌ಸಿಎಎಸ್‌ಆರ್ ಸಂಶೋಧನಾ ಸಂಸ್ಥೆಯಲ್ಲಿ, ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಎಚ್‌ಐವಿಯ ಸಬ್‌ಟೈಪ್ ಸಿ ಅನ್ನೋ ಬಗೆಯ ಮೇಲೇ ಕೆಲಸ ನಡೆದಿದೆ.

ಇನ್ನೂ ಓದುತ್ತಿರುವ ಎಂಬಿಬಿಎಸ್ ಮಕ್ಕಳು ಯಾರಾದರೂ ಇದನ್ನು ನೋಡುತ್ತಿದ್ದರೆ, ಐಸಿಎಂಆರ್‌ನ ಎಸ್‌ಟಿಎಸ್ ಅನ್ನೋ ವಿದ್ಯಾರ್ಥಿ ಯೋಜನೆಗೆ ಅರ್ಜಿ ಹಾಕಿ. ಎರಡು ತಿಂಗಳ ಪುಟ್ಟ ಸಂಶೋಧನೆ. ಇದು ನಿಮ್ಮ ಕೆಲಸವೋ ಅಲ್ಲವೋ ಅಂತ ಅಷ್ಟರಲ್ಲೇ ಗೊತ್ತಾಗಿಬಿಡುತ್ತೆ.

ಕೌನ್ಸೆಲರ್ ಮಂಡ್ಯ:

ಮೇಡಂ ಬರೆದದ್ದು ಓದಿ ಖುಷಿ ಆಯಿತು. ನಾನು ಡಾಕ್ಟರ್ ಅಲ್ಲ, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಮಾಡಿ ಎಆರ್‌ಟಿ ಸೆಂಟರಿನಲ್ಲಿ, ಅಂದರೆ ಎಚ್‌ಐವಿ ಮಾತ್ರೆ ಕೊಡೋ ಕೇಂದ್ರದಲ್ಲಿ, ಕೌನ್ಸೆಲರ್ ಆಗಿ ಬಹಳ ವರ್ಷದಿಂದ ಇದ್ದೇನೆ. ತಂಗಿ ಕೇಳಿದ "ಯಾಕೆ ತಡ" ಅನ್ನೋದು ನಮಗೆ ದಿನಾ ಎದುರಿಗೇ ಕೂತಿರುತ್ತೆ.

ಮಂಡ್ಯದವರು ಮಾತ್ರೆಗೆ ಮೈಸೂರಿಗೆ ಹೋಗುತ್ತಾರೆ, ಮೈಸೂರಿನವರು ಮಂಡ್ಯಕ್ಕೆ ಬರುತ್ತಾರೆ. ಬಸ್ಸಿನಲ್ಲಿ ಎದುರಾಬದರು ಆಗುತ್ತಾರೋ ಏನೋ. ಊರಿನವರ ಕಣ್ಣಿಗೆ ಬೀಳಬಾರದು ಅಷ್ಟೇ. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಹೋಯಿತು (ಹೆಂಗಸರಿಗೆ ಈಗ ಅದೊಂದು ಉಳಿದಿದೆ), ಮನೆಯಲ್ಲಿ ಎಲ್ಲಿಗೆ ಹೋಗಿದ್ದೆ ಅಂತ ಕೇಳಿದರೆ ಒಂದು ಸುಳ್ಳು ಬೇಕು. ಕಬ್ಬು ಕಡಿಯೋ ಸೀಸನ್‌ನಲ್ಲಿ ಅಂತೂ ಬರೋದೇ ಇಲ್ಲ. ಮಾತ್ರೆ ಪುಕ್ಕಟೆಯೇ, ಮಾತ್ರೆ ತನಕ ಬರೋದು ಪುಕ್ಕಟೆ ಅಲ್ಲ.

ಮಾತ್ರೆ ಡಬ್ಬಿ ಇದೆಯಲ್ಲ, ಪ್ಲಾಸ್ಟಿಕ್ಕಿನದು, 30 ಮಾತ್ರೆ ಇರುತ್ತೆ. ಬ್ಯಾಗಿನಲ್ಲಿ ಹಾಕಿಕೊಂಡು ನಡೆದರೆ ಗಲಗಲ ಅನ್ನುತ್ತೆ. ಎಷ್ಟೋ ಹೆಂಗಸರು ಸೆಂಟರಿನ ಬಾಗಿಲಲ್ಲೇ ನಿಂತು ಮೇಲಿನ ಲೇಬಲ್ ಕಿತ್ತು, ಒಳಗೆ ಹತ್ತಿ ತುರುಕಿ, ಸದ್ದು ಬರುತ್ತಾ ಅಂತ ಕಿವಿ ಹತ್ತಿರ ಒಮ್ಮೆ ಅಲ್ಲಾಡಿಸಿ ನೋಡಿ ಆಮೇಲೆ ಹೊರಡುತ್ತಾರೆ. ಕೆಲವರು ಡಬ್ಬಿ ಬೇಡವೇ ಬೇಡ ಅಂತ ಬಿಟ್ಟು ಪೇಪರಿನಲ್ಲಿ ಕಟ್ಟಿಕೊಂಡು ಹೋಗುತ್ತಾರೆ, ಒದ್ದೆಯಾದರೆ ಮಾತ್ರೆ ಕೆಡುತ್ತೆ ಅಂದರೂ ಕೇಳೋದಿಲ್ಲ.

ಸಂಶೋಧನೆ ಮಾಡೋರ ಮೇಲೆ ನನ್ನದೊಂದು ತಕರಾರಿದೆ, ಹೇಳಿಬಿಡುತ್ತೇನೆ. ಒಮ್ಮೆ ಒಂದು ಅಧ್ಯಯನಕ್ಕೆ ನಮ್ಮಲ್ಲಿಗೆ ಬಂದರು. ಒಪ್ಪಿಗೆ ಪತ್ರ ಆರೇಳು ಪುಟ, ಇಂಗ್ಲಿಷಿನಿಂದ ಕನ್ನಡಕ್ಕೆ ಯಾರೋ ಎಳೆದು ತಂದದ್ದು. "ಯಾದೃಚ್ಛಿಕ" ಅಂತ ಪದ ಇತ್ತು, ಅಂದರೆ ಚೀಟಿ ಎತ್ತಿದ ಹಾಗೆ ಆರಿಸೋದು. ನನಗೇ ಓದೋಕೆ ನಾಲಿಗೆ ಹೊರಳಲಿಲ್ಲ, ಹೊಲದ ಕೆಲಸ ಬಿಟ್ಟು ಬಂದ ಅಜ್ಜಿಗೆ ಏನು ಹೇಳೋದು? ಓದು ಬರೆಹ ಬಾರದವರಿಗೆ ಹೆಬ್ಬೆಟ್ಟು ಒತ್ತಿಸಬೇಕು, ಆಗ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬರು ಸಾಕ್ಷಿ ಇರಬೇಕು, ಅದು ನಿಯಮ. ಸರಿಯಾದ ನಿಯಮವೇ. ಆದರೆ ತನ್ನ ಕಾಯಿಲೆ ಗಂಡನ ಮನೆಗೇ ಗೊತ್ತಿಲ್ಲದಿರುವಾಗ ಆ ಹೆಂಗಸು ಸಾಕ್ಷಿಗೆ ಯಾರನ್ನು ಕರೆದುಕೊಂಡು ಬರಬೇಕು? ಇಂಕ್ ಪ್ಯಾಡ್ ಮುಂದೆ ಇಟ್ಟುಕೊಂಡು ಅರ್ಧ ಗಂಟೆ ಕೂತಿದ್ದೆವು. ಇದನ್ನು ಬಗೆಹರಿಸೋದು ಹೇಗೆ ಅಂತ ಆ ತಂಡದಲ್ಲಿ ಯಾರೂ ಯೋಚನೆ ಮಾಡಿರಲಿಲ್ಲ. ತಂಗಿ, ನೀವು ಸಂಶೋಧಕಿ ಆದರೆ ಮೊದಲು ಆ ಪತ್ರವನ್ನು ನಮ್ಮ ಭಾಷೆಯಲ್ಲಿ ಬರೆಯಿರಿ, ನಾನು ಓದಿ ಹೇಳುತ್ತೇನೆ.

ಸರಸ್ವತಿಪುರಂ ಲ್ಯಾಬ್:

ಕೌನ್ಸೆಲರ್ ಸರ್, ನೀವು ಬರೆದ ಹತ್ತಿಯ ವಿಷಯ ಸುಮ್ನೆ ಕಥೆ ಅಲ್ಲ. ಇಂಥ ಸಣ್ಣದನ್ನು ನೋಡದೆ ಹೋದರೆ ದೊಡ್ಡ ದೊಡ್ಡ ಟ್ರಯಲ್‌ಗಳೇ ಮುಗ್ಗರಿಸುತ್ತವೆ. ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಗಳಲ್ಲಿ ವಾಯ್ಸ್ ಅಂತ ಒಂದು ಟ್ರಯಲ್ ನಡೆಯಿತು, 5,000ಕ್ಕೂ ಹೆಚ್ಚು ಮಹಿಳೆಯರು. ಎಚ್‌ಐವಿ ಬರದ ಹಾಗೆ ಮೊದಲೇ ಔಷಧ ತೆಗೆದುಕೊಂಡರೆ ತಡೆಯಬಹುದಾ ಅಂತ ನೋಡೋದು. ತೆಗೆದುಕೊಂಡಿರಾ ಅಂದರೆ ಬಹುತೇಕ ಎಲ್ಲರೂ ಹೌದು ಅಂದರು, ವಾಪಸ್ ತಂದ ಮಾತ್ರೆ ಎಣಿಸಿದರೂ ಲೆಕ್ಕ ಸರಿ ಇತ್ತು. ಕೊನೆಗೆ ರಕ್ತ ಪರೀಕ್ಷೆ ಮಾಡಿದರೆ ಔಷಧ ಸಿಕ್ಕಿದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮಾದರಿಗಳಲ್ಲಿ. ಔಷಧ ಕೆಲಸ ಮಾಡಲಿಲ್ಲ ಅಂತ ಫಲಿತಾಂಶ ಬಂತು, ನುಂಗಿದ್ದರೆ ತಾನೇ ಮಾಡೋದು? ಆ ಹೆಂಗಸರು ಸುಳ್ಳುಗಾರರು ಅಂತ ಬರೆದುಬಿಡೋದು ಸುಲಭ. ಆದರೆ ಮನೆಯಲ್ಲಿ ಆ ಮಾತ್ರೆ ಕಂಡರೆ ಏನಾಗುತ್ತೆ ಅನ್ನೋ ಭಯ, ಬೇಡ ಅಂದರೆ ಕ್ಲಿನಿಕ್ಕಿನವರು ಕೈಬಿಡುತ್ತಾರೆ ಅನ್ನೋ ಭಯ, ಎರಡರ ನಡುವೆ ಇದ್ದವರು ಅವರು.

ಅದೇ ಔಷಧದ ಪ್ರಯೋಗ ನಮ್ಮ ಮೈಸೂರಿನಲ್ಲೂ ನಡೆಯಿತು. ಎಷ್ಟು ಜನಕ್ಕೆ ಗೊತ್ತು? ಅಶೋದಯ ಸಮಿತಿ ಅಂತ, ಲೈಂಗಿಕ ಕಾರ್ಯಕರ್ತೆಯರೇ ನಡೆಸುವ ಸಂಘ. 2016ರಿಂದ 2018ರವರೆಗೆ ಇಲ್ಲಿ 600ಕ್ಕೂ ಹೆಚ್ಚು ಮಹಿಳೆಯರು ಪ್ರೆಪ್ ಮಾತ್ರೆ (ಸೋಂಕು ಬರದ ಹಾಗೆ ಮೊದಲೇ ತೆಗೆದುಕೊಳ್ಳೋದು) ತೆಗೆದುಕೊಂಡರು, ಹೆಚ್ಚುಕಡಿಮೆ ಎಲ್ಲರೂ ಕೊನೆಯವರೆಗೆ ಉಳಿದರು. ಯಾಕೆ ಉಳಿದರು? ಬೇಕಾ ಬೇಡವಾ ಅಂತ ತಮ್ಮಲ್ಲೇ ಮೊದಲು ಮಾತಾಡಿಕೊಂಡಿದ್ದರು, ಮಾತ್ರೆ ನೆನಪಿಸುತ್ತಿದ್ದವರೂ ಅವರೊಳಗಿನವರೇ.

ಅದಕ್ಕೂ ಮೊದಲಿನ ಒಂದು ಲೆಕ್ಕ ಹೇಳುತ್ತೇನೆ, ಎಪಿಡೆಮಿಯಾಲಜಿ ಅಂದರೆ ಏನು ಅಂತ ಗೊತ್ತಾಗುತ್ತೆ. ಮೈಸೂರಿನಲ್ಲಿ 2004ರಲ್ಲೂ 2006ರಲ್ಲೂ ಲೈಂಗಿಕ ಕಾರ್ಯಕರ್ತೆಯರ ನಡುವೆ ಸರ್ವೇ ಆಯಿತು. ಸಿಫಿಲಿಸ್ ಶೇಕಡಾ 25ರಿಂದ 12ಕ್ಕೆ ಇಳಿದಿತ್ತು. ಎಚ್‌ಐವಿ ಮಾತ್ರ 26 ಇದ್ದದ್ದು 24, ಅಂದರೆ ಇದ್ದಲ್ಲೇ ಇತ್ತು. ಹಾಗಾದರೆ ಆ ನಡುವೆ ಅವರಿಗೆ ಕಾಂಡೋಮ್ ಹಂಚಿದ್ದು ವ್ಯರ್ಥವಾಯಿತಾ? ಇಲ್ಲ. ಸಿಫಿಲಿಸ್‌ಗೆ ಪೆನಿಸಿಲಿನ್ ಕೊಟ್ಟರೆ ವಾಸಿಯಾಗುತ್ತೆ, ಪಟ್ಟಿಯಿಂದ ಹೊರಗೆ ಹೋಗುತ್ತೆ. ಎಚ್‌ಐವಿ ಒಮ್ಮೆ ಬಂದರೆ ಇರುತ್ತೆ. ಹೊಸದಾಗಿ ಯಾರಿಗೂ ಬರದಿದ್ದರೂ ಹಳಬರು ಬದುಕಿರುವ ತನಕ ಆ ಸಂಖ್ಯೆ ಬೇಗ ಇಳಿಯೋದಿಲ್ಲ. ಚಿಕಿತ್ಸೆ ಚೆನ್ನಾಗಿ ಸಿಕ್ಕಷ್ಟೂ ಇಳಿಯೋದು ಇನ್ನೂ ನಿಧಾನ. ಪೇಪರಿನಲ್ಲಿ "ಎಚ್‌ಐವಿ ಪೀಡಿತರ ಸಂಖ್ಯೆ ಇಳಿದಿಲ್ಲ" ಅಂತ ದಪ್ಪಕ್ಷರದಲ್ಲಿ ಬಂದಾಗ ಹೆದರಬೇಕಾ ಸಮಾಧಾನ ಪಡಬೇಕಾ ಅನ್ನೋದನ್ನು ತಿಳಿದು ಹೇಳೋದೇ ಆ ವಿಭಾಗದವರ ಕೆಲಸ.

ಈಗ ಹುಲಿಯವರ ದುಡ್ಡಿನ ಮಾತು. ಹೊರಗಿನ ದುಡ್ಡು ನಿಂತದ್ದು ನಿಜ, ಪೆಟ್ಟು ಬಿದ್ದಿದೆ, ಆಫ್ರಿಕಾದಲ್ಲಿ ನಮಗಿಂತ ಬಹಳ ಜಾಸ್ತಿ. ಆದರೆ ನಮ್ಮಲ್ಲಿ ಎಆರ್‌ಟಿ ಮಾತ್ರೆಯ ಖರ್ಚು ಕೇಂದ್ರ ಸರ್ಕಾರದ್ದು. ಕಂಡುಹಿಡಿಯೋದು ಏನು ಉಳಿದಿದೆ ಅಂದಿರಿ. ಲಸಿಕೆ ಇವತ್ತಿಗೂ ಇಲ್ಲ. ಥಾಯ್ಲೆಂಡಿನಲ್ಲಿ 2009ರಲ್ಲಿ ಒಂದು ಲಸಿಕೆ ಶೇಕಡಾ 31ರಷ್ಟು ರಕ್ಷಣೆ ತೋರಿಸಿತು, ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ ಅದರ ಸುಧಾರಿತ ರೂಪ ಹಾಕಿ ನೋಡಿದರೆ 2020ರಲ್ಲಿ ಉಪಯೋಗವಿಲ್ಲ ಅಂತ ನಿಲ್ಲಿಸಬೇಕಾಯಿತು. ಎಚ್‌ಐವಿ ಬರದ ಹಾಗೆ ತಡೆಯೋಕೆ ಲೆನಕಾಪವಿರ್ ಅನ್ನೋ ಇಂಜೆಕ್ಷನ್ ಇದೆ, ಆರು ತಿಂಗಳಿಗೊಮ್ಮೆ. 2024ರಲ್ಲಿ ಬಂದ ಫಲಿತಾಂಶದಲ್ಲಿ ಅದನ್ನು ತೆಗೆದುಕೊಂಡ 2,134 ಮಹಿಳೆಯರಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ. ಅದರ ಜೆನೆರಿಕ್ ರೂಪ ಮಾಡೋಕೆ ಹೊರಟಿರೋರು ಹೈದರಾಬಾದಿನ ಕಂಪನಿಗಳು, ವರ್ಷಕ್ಕೆ 40 ಡಾಲರ್‌ಗೆ ಕೊಡುತ್ತೇವೆ ಅಂತ 2025ರಲ್ಲಿ ಹೇಳಿದ್ದಾರೆ. ಡಬ್ಬಿ ಇಲ್ಲ, ಸದ್ದು ಇಲ್ಲ, ಹತ್ತಿ ಬೇಡ. ಆದರೆ ಅದು ಮಳವಳ್ಳಿಯ ಒಬ್ಬ ಹೆಂಗಸಿಗೆ ಯಾರ ಕೈಯಲ್ಲಿ, ಎಲ್ಲಿ, ಯಾವ ನೆಪದಲ್ಲಿ ಸಿಗಬೇಕು? ಮುಂದಿನ ಹತ್ತು ವರ್ಷದ ಸಂಶೋಧನೆ ಅದರಲ್ಲೇ ಇದೆ.

ಹಳೇ ಹುಲಿ:

ಆಯ್ತು ಮೇಡಂ, ಸೋತೆ. ಆದರೂ 37,000ಕ್ಕೆ ಬೆಂಗಳೂರಲ್ಲಿ ಬಾಡಿಗೆ ಕಟ್ಟಿ ಊಟ ಮಾಡಿ ತೋರಿಸಿ, ಅದನ್ನೊಂದು ಸಂಶೋಧನೆ ಮಾಡಿ.

ಮದ್ದೂರು ಇಂಟರ್ನ್:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟೆಲ್ಲಾ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಕಮ್ಯುನಿಟಿ ಮೆಡಿಸಿನ್ ನನ್ನ ಪಟ್ಟಿಯಲ್ಲೇ ಇರಲಿಲ್ಲ, ಈಗ ಯೋಚನೆ ಮಾಡುತ್ತಿದ್ದೇನೆ. ಇನ್ನೆರಡು ಕೇಳಬೇಕಿತ್ತು. ಒಂದು, ಸೂಜಿ ಚುಚ್ಚಿಕೊಂಡರೆ ಏನು ಕಥೆ ಅನ್ನೋದು ಅಮ್ಮನ ದೊಡ್ಡ ಭಯ, ನಿಜ ಹೇಳಬೇಕಂದ್ರೆ ನನಗೂ ಸ್ವಲ್ಪ ಇದೆ. ಎರಡು, ಪಿಜಿ ನೀಟ್ ಮುಗಿಯೋ ತನಕ ಈ ಕಡೆ ಏನಾದರೂ ಮಾಡಬಹುದಾ?

ಸರಸ್ವತಿಪುರಂ ಲ್ಯಾಬ್:

ಮೊದಲನೆಯದಕ್ಕೆ. ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕು ಬರುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟು. ರೋಗಿ ಮಾತ್ರೆ ತೆಗೆದುಕೊಳ್ಳುತ್ತಾ ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಅಡಗಿದ್ದರೆ ಅದಕ್ಕಿಂತಲೂ ಬಹಳ ಕಡಿಮೆ. ಚುಚ್ಚಿದರೆ ಹಿಸುಕಬೇಡಿ, ಬಾಯಿಗೆ ಹಾಕಬೇಡಿ, ಸೋಪು ನೀರಲ್ಲಿ ತೊಳೆದು ಕೂಡಲೇ ಹೇಳಿ. ಪಿಇಪಿ ಮಾತ್ರೆ (ಚುಚ್ಚಿದಮೇಲೆ ಸೋಂಕು ತಡೆಯೋಕೆ ಕೊಡೋದು) ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತೆಗೆದುಕೊಳ್ಳಬೇಕು. ನಿಜಕ್ಕೂ ಹೆದರಬೇಕಾದ್ದು ಹೆಪಟೈಟಿಸ್ ಬಿ ಗೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಅದು ಎಚ್‌ಐವಿಗಿಂತ ಎಷ್ಟೋ ಪಟ್ಟು ಸುಲಭವಾಗಿ ಅಂಟುತ್ತೆ. ನಿಮ್ಮ ಮೂರು ಡೋಸ್ ಆಗಿದೆಯಾ? ಆಗಿಲ್ಲ ಅಂದರೆ ಇದನ್ನು ಓದೋದು ನಿಲ್ಲಿಸಿ ಹೋಗಿ ಹಾಕಿಸಿಕೊಳ್ಳಿ. ಇನ್ನು ಟಿಬಿ, ವಾರ್ಡಿನಲ್ಲಿ ಎನ್-95 ಹಾಕಿಕೊಳ್ಳಿ, ಸೆಕೆ ಅಂತ ಮೂಗಿನ ಕೆಳಗೆ ಇಳಿಸಬೇಡಿ.

ಅಮ್ಮನಿಗೆ ಅಂಕಿ ಸಂಖ್ಯೆ ಹೇಳಿದರೆ ನಡೆಯೋದಿಲ್ಲ ಅಂತ ಗೊತ್ತು. ಒಂದು ಮಾತು ಹೇಳಿ ನೋಡಿ. ಮಾತ್ರೆ ಸರಿಯಾಗಿ ತೆಗೆದುಕೊಂಡವರಿಂದ ಗಂಡ-ಹೆಂಡತಿ ನಡುವೆಯೇ ದಾಟೋದಿಲ್ಲ. 2011ರಲ್ಲಿ ಒಂಬತ್ತು ದೇಶಗಳ 1,763 ಜೋಡಿಗಳ ಅಧ್ಯಯನದಲ್ಲಿ, ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ಹರಡೋದು ಶೇಕಡಾ 96ರಷ್ಟು ಕಡಿಮೆ ಅಂತ ಬಂತು, ಅದರಲ್ಲಿ ಪುಣೆ, ಚೆನ್ನೈನವರೂ ಇದ್ದರು. ಆಮೇಲಿನ ಅಧ್ಯಯನಗಳಲ್ಲಿ ವೈರಸ್ ಪೂರ್ತಿ ಅಡಗಿದವರಿಂದ ಒಬ್ಬರಿಗೂ ಬಂದಿಲ್ಲ. ಅಂಥದ್ದರಲ್ಲಿ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ಮಾತಾಡೋ ಡಾಕ್ಟರಿಗೆ ಏನಾಗುತ್ತೆ? ನಮ್ಮ ಅತ್ತೆ ಒಪ್ಪಿದ್ದು ಇದೇ ಮಾತಿಗೆ. ಹೌದು, ನನಗೆ ಮದುವೆ ಆಗಿದೆ, ಅದನ್ನೂ ಅಮ್ಮನಿಗೆ ಹೇಳಿ.

ಕೌನ್ಸೆಲರ್ ಮಂಡ್ಯ:

ಎರಡನೆಯದಕ್ಕೆ ನಾನು ಹೇಳುತ್ತೇನೆ. ನಿಮ್ಮ ಆಸ್ಪತ್ರೆಯ ಎಆರ್‌ಟಿ ಸೆಂಟರಿನ ಮೆಡಿಕಲ್ ಆಫೀಸರ್ ಹತ್ತಿರ ಅನುಮತಿ ಕೇಳಿ, ಬಿಡುವಿದ್ದಾಗ ಬೆಳಿಗ್ಗೆ ಹೋಗಿ ಕೂತುಕೊಳ್ಳಿ. ಡಾಕ್ಟರ್ ಪಕ್ಕದಲ್ಲಿ ಬೇಡ, ಕೌನ್ಸೆಲರ್ ಪಕ್ಕದಲ್ಲಿ. ಬರೆದುಕೊಳ್ಳೋಕೆ ನೋಟ್ ಬುಕ್ ತೆಗೆಯಬೇಡಿ, ಎದುರಿಗಿರೋರ ಬಾಯಿ ಕಟ್ಟಿಹೋಗುತ್ತೆ. ಯಾರ ಹೆಸರೂ ಹೊರಗೆ ಬರಬಾರದು, 2017ರ ಎಚ್‌ಐವಿ ಕಾಯ್ದೆ ಅದಕ್ಕೆ ಬಿಡೋದಿಲ್ಲ, ಕಾಯ್ದೆ ಇಲ್ಲದಿದ್ದರೂ ಅಷ್ಟೇ. ಮೈಸೂರಿನಲ್ಲಿ ಆಶಾಕಿರಣ ಆಸ್ಪತ್ರೆಯೂ ಇದೆ, ಎಚ್‌ಐವಿ ಇರುವವರನ್ನು ಯಾರೂ ಮುಟ್ಟದ ಕಾಲದಿಂದ ನೋಡಿಕೊಂಡು ಬಂದವರು. ಅಲ್ಲಿಯ ಹಳಬರ ಹತ್ತಿರ ಮಾತಾಡಿ.

ಮಲೆನಾಡಿನವ:

ತಡವಾಗಿ ಬಂದೆ. ಎಲ್ಲರೂ ಎಚ್‌ಐವಿ ಅಂತ ಹೇಳಿದ್ದೀರಿ, ಸೋಂಕು ರೋಗ ಅಂದರೆ ಅದೊಂದೇ ಅಲ್ವಲ್ಲ. ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳೋಕೆ ಶುರುವಾದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣ್ಣಿಯಿಂದ ಬರೋ ಹೊಸ ವೈರಸ್ ಅಂತ ಕಂಡುಹಿಡಿದರು, ಅದೇ ಮಂಗನ ಕಾಯಿಲೆ. ಇವತ್ತಿಗೂ ಬೇಸಿಗೆ ಬಂದರೆ ನಮ್ಮ ಕಡೆ ಜನ ಸಾಯುತ್ತಾರೆ, ಅದಕ್ಕೆ ಅಂತಲೇ ಒಂದು ಮದ್ದಿಲ್ಲ. ಇದ್ದ ಹಳೇ ಲಸಿಕೆಯ ಪರಿಣಾಮ ಸಾಲದು ಅಂತ ಅದನ್ನೂ ನಿಲ್ಲಿಸಿದರು. ಎಚ್‌ಐವಿ ಮೇಲೆ ಪ್ರಪಂಚವೇ ಕೆಲಸ ಮಾಡುತ್ತಿದೆ. ಮಂಗನ ಕಾಯಿಲೆ ಮೇಲೆ ಕೆಲಸ ಮಾಡೋಕೆ ನಮ್ಮವರು ಬಿಟ್ಟರೆ ಬೇರೆ ಯಾರು ಬರುತ್ತಾರೆ ಹೇಳಿ? ಕಮ್ಯುನಿಟಿ ಮೆಡಿಸಿನ್ ತಗೊಂಡರೆ ಒಂದು ಬೇಸಿಗೆ ಶಿವಮೊಗ್ಗ ಕಡೆಗೂ ಬನ್ನಿ. ಉಳಿಯೋಕೆ ನಮ್ಮ ಮನೆ ಇದೆ, ಕಾಡಿಗೆ ಹೋಗುವಾಗ ಉಣ್ಣಿ ಹತ್ತದ ಹಾಗೆ ಮೈಗೆ ಹಚ್ಚೋಕೆ ಡೇಪಾ ಎಣ್ಣೆ ನಾನೇ ಕೊಡಿಸುತ್ತೇನೆ.

ಮದ್ದೂರು ಇಂಟರ್ನ್:

ಮಲೆನಾಡಿನ ಅಣ್ಣ, ಖಂಡಿತ ಬರ್ತೀನಿ. ಲ್ಯಾಬ್ ಅಕ್ಕ, ಹೆಪಟೈಟಿಸ್ ಬಿ ಮೂರನೇ ಡೋಸ್ ಬಾಕಿ ಇತ್ತು, ನಾಳೆ ಬೆಳಿಗ್ಗೆ ಹಾಕಿಸಿಕೊಳ್ಳುತ್ತೇನೆ. ಕೌನ್ಸೆಲರ್ ಸರ್, ನಮ್ಮ ಎಆರ್‌ಟಿ ಮೇಡಂ ಹತ್ತಿರ ಕೇಳಿದೆ. ಬಾ ಅಂದಿದ್ದಾರೆ, ಆದರೆ ಬಿಳಿ ಕೋಟು ಹಾಕಿಕೊಂಡು ಬರಬೇಡ ಅಂದರು.